ತನಿ ಬಂದಾಗ ಎದ್ದು ಹೋಗಬಾರದು

ನೈರೋಬಿಯ ಕನ್ನಡಿಗರಲ್ಲಿ ನಮ್ಮ ಸೋದರಮಾವನಷ್ಟು ಪ್ರೀತಿಯಿಂದ ಜನರನ್ನು ಮನೆಗೆ ಕರೆಯುವವರು ಇನ್ನೊಬ್ಬರಿಲ್ಲ. ಹಾಗೆ ಕರೆದಾಗ ಅವರ ಮನೆಗೆ ಎರಡನೇ ಸಲ ಹೋದವರೂ ಯಾರೂ ಇಲ್ಲ! ನನ್ನೊಬ್ಬಳನ್ನು ಬಿಟ್ಟು. ನಾನು ಹೋಗುವುದು ಧೈರ್ಯದಿಂದಲ್ಲ, ತಾಯಿಯ ಒಡಹುಟ್ಟಿದವರನ್ನು ಬದಲಾಯಿಸಿಕೊಳ್ಳುವ ಅನುಕೂಲ ದೇವರು ಕೊಟ್ಟಿಲ್ಲವಲ್ಲ, ಅದಕ್ಕೆ.

ಮಾವ ಮೂಲತಃ ಮೈಸೂರಿನವರು. ಎಳೆಯ ವಯಸ್ಸಿನಲ್ಲೇ ಇಲ್ಲಿಗೆ ಗಣಿತದ ಮೇಷ್ಟ್ರಾಗಿ ಬಂದವರು. ನೈರೋಬಿಯ ಅರ್ಧ ಜನಕ್ಕೆ ಲೆಕ್ಕ ಕಲಿಸಿ, ಉಳಿದರ್ಧ ಜನಕ್ಕೆ ಲೆಕ್ಕವೆಂದರೆ ಜ್ವರ ಬರುವ ಹಾಗೆ ಮಾಡಿ, ಈಗ ನಿವೃತ್ತರಾಗಿ ಪಂಗಾನಿ ಬಡಾವಣೆಯ ಹಳೆಯ ಕಟ್ಟಡವೊಂದರ ಎರಡನೇ ಮಹಡಿಯಲ್ಲಿದ್ದಾರೆ. ಊಟ ಸೊಗಸು, ಮಾತು ಸೊಗಸು, ಕಾಫಿಯಂತೂ ಕೇಳಲೇಬೇಡಿ. ಹಾಗಾದರೆ ಜನ ಯಾಕೆ ಹೆದರುತ್ತಾರೆ? ಮಾವನ ಬಳಿ ಒಂದು ಸಿನಿಮಾ ಇದೆ!

ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕದ ಯಾವುದೋ ಬಯಲಿನಲ್ಲಿ ನಡೆದ ರಾಕ್ ಸಂಗೀತೋತ್ಸವವನ್ನು ಇದ್ದದ್ದು ಇದ್ದ ಹಾಗೆ ಚಿತ್ರೀಕರಿಸಿದ ಸಿನಿಮಾ ಅದು. ಆ ಕಾಲದ ಘಟಾನುಘಟಿಗಳೆಲ್ಲ ಒಬ್ಬರ ಹಿಂದೊಬ್ಬರು ವೇದಿಕೆಗೆ ಬಂದು ಹಾಡುತ್ತಾರೆ. ಕಥೆಯಿಲ್ಲ, ನಾಯಕಿಯಿಲ್ಲ, ಹೊಡೆದಾಟವಿಲ್ಲ. ಮೂರು ಗಂಟೆಗೂ ಮಿಕ್ಕಿ ಬರೀ ಕೂದಲು, ಕೆಸರು, ಗಿಟಾರು! ಮನೆಗೆ ಬಂದವರು ಅದನ್ನು ನೋಡಲೇಬೇಕು. ಮೊದಲಿನಿಂದ, ಕೊನೆಯವರೆಗೆ, ಬೀರುವಿನಷ್ಟು ಎತ್ತರದ ಎರಡು ಸ್ಪೀಕರುಗಳ ನಡುವೆ ಕೂತು. ಕಟ್ಟಡದ ಗೇಟು ಕಾಯುವ ಅಸ್ಕಾರಿ ಶನಿವಾರ ಯಾರಾದರೂ ಭಾರತೀಯರು ಬಂದು ಮಾವನ ಮನೆ ಕೇಳಿದರೆ ಮೊದಲು "ಪೋಲೆ" ಎನ್ನುತ್ತಾನೆ. ಸಾವಿನ ಮನೆಗೆ ಬಂದವರಿಗೆ ಹೇಳುವ ಸಾಂತ್ವನದ ಮಾತು ಅದು. ಆಮೇಲೆ ಗೇಟು ತೆಗೆಯುತ್ತಾನೆ.

ಅತ್ತೆ ಇದ್ದಾಗ ಮಾವನಿಗೆ ಪ್ರೇಕ್ಷಕರ ಕೊರತೆ ಇರಲಿಲ್ಲ, ಯಾಕೆಂದರೆ ಅತ್ತೆಯೊಬ್ಬರೇ ಪ್ರೇಕ್ಷಕರು. ಹುರುಳಿಕಾಯಿ ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಪಕ್ಕದಲ್ಲಿ ಕೂತಿರುತ್ತಿದ್ದರು. ಅವರು ತೀರಿಕೊಂಡು ಕೆಲವು ವರ್ಷಗಳಾದವು. ಆಮೇಲೆಯೇ ಮಾವ ಊರವರನ್ನೆಲ್ಲ ಹಿಡಿದು ತಂದು ಕೂರಿಸತೊಡಗಿದ್ದು.

ಬರೀ ಸಿನಿಮಾ ತೋರಿಸಿದ್ದರೆ ಹೇಗೋ ಸಹಿಸಬಹುದಿತ್ತು. ಮಾವ ಅದನ್ನು ರಾಮೋತ್ಸವದ ಕಚೇರಿಯ ಹಾಗೆ ಕೇಳುತ್ತಾರೆ! ಬೆನ್ನು ನೆಟ್ಟಗೆ ಮಾಡಿ ಕೂತು, ತೊಡೆಯ ಮೇಲೆ ತಾಳ ಹಾಕುತ್ತಾ, "ಆಹಾ, ಭೇಷ್" ಎನ್ನುತ್ತಾ. ಗಿಟಾರಿನವನು ತಂತಿ ಬಿಗಿ ಮಾಡುತ್ತಿದ್ದರೆ ನಾವು ಮಾತಾಡುವಂತಿಲ್ಲ. "ಶ್ರುತಿ ಸೇರಿಸ್ತಾ ಇದಾನೆ, ಸುಮ್ನಿರೇ!" ಕಲಾವಿದರಿಗೆಲ್ಲ ಅವರೇ ಹೆಸರಿಟ್ಟಿದ್ದಾರೆ. ಉದ್ದ ಕೂದಲಿನವನು ಜಡೆಮುನಿ. ಕಣ್ಣು ಮುಚ್ಚಿಕೊಂಡು ಹಾಡುವವನು ಧ್ಯಾನಶ್ಲೋಕ. ಡ್ರಮ್ಸ್ ಬಾರಿಸುವ ದಾಂಡಿಗ ಪೈಲ್ವಾನ್.

"ಮಾವ, ಇವರ ನಿಜವಾದ ಹೆಸರೇನು?" ಅಂತ ಒಮ್ಮೆ ಕೇಳಿದೆ.

"ಹೆಸರು ತಗೊಂಡು ಏನ್ ಮಾಡ್ತೀಯ? ನಿಮ್ಮನೆ ಅರಿಶಿನ ಕುಂಕುಮಕ್ಕೆ ಕರೀತೀಯಾ?"

ಸಿನಿಮಾ ಅರ್ಧ ಕಳೆದ ಮೇಲೆ ಬರುತ್ತದೆ ನೋಡಿ, ಪೈಲ್ವಾನನ ಸರದಿ! ಉಳಿದವರೆಲ್ಲ ಕೈಕಟ್ಟಿ ನಿಲ್ಲುತ್ತಾರೆ, ಅವನೊಬ್ಬನೇ ಬಾರಿಸುತ್ತಾ ಹೋಗುತ್ತಾನೆ. ಮಾವನ ಭಾಷೆಯಲ್ಲಿ ಅದು ತನಿ ಆವರ್ತನ. ನಮ್ಮ ಕಡೆಯ ಕಚೇರಿಗಳಿಗೆ ಹೋದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕೆ? ಮೃದಂಗದವರ ತನಿ ಶುರುವಾಯಿತೋ ಇಲ್ಲವೋ, ಅರ್ಧ ಸಭೆ ಎದ್ದು ಸೆರಗು, ಪಂಚೆ ಸರಿಮಾಡಿಕೊಳ್ಳುತ್ತಾ ಕ್ಯಾಂಟೀನಿನ ಕಡೆ ನಡೆಯುತ್ತದೆ. ಬೋಂಡ ಬಿಸಿಯಾಗಿರುವುದು ಆಗಲೇ! ಅಪ್ಪ ಎದ್ದದ್ದನ್ನು ಮಗ ನೋಡಿ, ಮಗ ಎದ್ದದ್ದನ್ನು ಮೊಮ್ಮಗ ನೋಡಿ, ಈ ಚಾಳಿ ನಮ್ಮ ಕಾಲುಗಳಲ್ಲೇ ಕೂತುಬಿಟ್ಟಿದೆ. ಸಮುದ್ರ ದಾಟಿ ಬಂದರೂ ಹೋಗಿಲ್ಲ. ಪೈಲ್ವಾನ್ ಕೋಲೆತ್ತಿದ ಕೂಡಲೇ ಮಾವನ ಅತಿಥಿಗಳು ತಮಗೇ ಗೊತ್ತಿಲ್ಲದೆ ಎದ್ದು ನಿಂತಿರುತ್ತಾರೆ. ಒಮ್ಮೆ ಎದ್ದ ಮೇಲೆ ಮತ್ತೆ ಕೂರುವ ಮೂರ್ಖರು ಯಾರು? "ಟ್ರಾಫಿಕ್ ಜಾಸ್ತಿಯಾಗತ್ತೆ ಸಾರ್", "ಮಟಾಟು ವ್ಯಾನ್ ಸಿಗಲ್ಲ ಸಾರ್", ಬಾಗಿಲು, ಮೆಟ್ಟಿಲು, ಬಿಡುಗಡೆ!

ಇದಕ್ಕೆ ಮಾವ ಒಂದು ಉಪಾಯ ಹುಡುಕಿದರು. ತನಿಗೆ ಸ್ವಲ್ಪ ಮೊದಲು ನೀರು ಕುಡಿಯುವ ನೆಪದಲ್ಲಿ ಎದ್ದು, ಬಾಗಿಲ ಬಳಿಯ ಚಪ್ಪಲಿಗಳನ್ನೆಲ್ಲ ಒಳಗಿನ ಕೋಣೆಗೆ ಸಾಗಿಸಿ ಬೀಗ ಹಾಕಿಬಿಡುವುದು. ನಮ್ಮ ಯಜಮಾನರು ಸ್ವಾಭಿಮಾನಿಗಳು. ಮಾವನ ಬಚ್ಚಲುಮನೆಯ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಪಂಗಾನಿಯಿಂದ ಸೌತ್ ಬಿಯ ನಮ್ಮ ಮನೆಯವರೆಗೆ ಕಾರು ಓಡಿಸಿಕೊಂಡು ಬಂದರು. "ಇನ್ಮೇಲೆ ನಿಮ್ಮ ಮಾವನ ಮನೆಗೆ ನೀನುಂಟು, ಆ ಪೈಲ್ವಾನ್ ಉಂಟು" ಎಂದವರು ಇವತ್ತಿನವರೆಗೂ ಮಾತಿಗೆ ತಪ್ಪಿಲ್ಲ.

ಇದೆಲ್ಲ ನಗೆಯ ಮಾತಾಗಿಯೇ ಇರುತ್ತಿತ್ತು. ಆದರೆ ಹೋದ ವರ್ಷ ಮಾವ ಬಚ್ಚಲಿನಲ್ಲಿ ಜಾರಿ ಬಿದ್ದರು. ಏಳಲಾಗದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲೇ ಇದ್ದರು. ಅವರ ಒಬ್ಬಳೇ ಮಗಳು ದೂರದ ಕಿಸುಮು ಪಟ್ಟಣದಲ್ಲಿ ಡಾಕ್ಟರು. ಓಡಿ ಬಂದಳು, ಅತ್ತಳು, ರೇಗಿದಳು. "ಅಪ್ಪ, ಇನ್ನು ಒಬ್ರೇ ಇರೋದು ಬೇಡ. ನಮ್ಮನೆಗೆ ಬಂದ್ಬಿಡಿ."

ಮಾವ ಒಂದು ಷರತ್ತು ಹಾಕಿದರು. "ಯಾರಾದ್ರೂ ಒಬ್ಬರು, ಬರೀ ಒಬ್ಬರು, ನಮ್ಮನೆಯಲ್ಲಿ ಕೂತು ಈ ಸಿನಿಮಾನ ಪೂರ್ತಿ ನೋಡ್ಲಿ. ಮಾರನೇ ದಿನವೇ ಪೆಟ್ಟಿಗೆ ಕಟ್ತೀನಿ."

ಮಗಳು ಕೂತು ನೋಡಿದರೆ ಲೆಕ್ಕಕ್ಕಿಲ್ಲವಂತೆ. "ನೀನು ವಾದಿ. ಜಡ್ಜಾಗೋಕಾಗಲ್ಲ." ಅವಳು ನನಗೆ ಫೋನು ಮಾಡಿದಳು. "ಅಕ್ಕ, ಹೇಗಾದ್ರೂ ಮಾಡಿ ಯಾರನ್ನಾದ್ರೂ ಕೂರ್ಸಿ. ಅಪ್ಪ ಇನ್ನೊಂದ್ಸಲ ಬಿದ್ರೆ ಏನ್ಗತಿ? ನಂಗೆ ರಾತ್ರಿ ನಿದ್ದೆ ಬರ್ತಿಲ್ಲ."

ನನಗೂ ಹೆದರಿಕೆಯಾಯಿತು. ಪಣ ತೊಟ್ಟೆ. ಔಷಧಿ ಕಾರ್ಖಾನೆಯಲ್ಲಿ ದಿನವಿಡೀ ಮಾತ್ರೆಗಳ ಗುಣಮಟ್ಟ ಪರೀಕ್ಷಿಸುವವಳು ನಾನು, ಒಬ್ಬ ಪ್ರೇಕ್ಷಕನನ್ನು ಆರಿಸಲಾರೆನೆ? ಮೊದಲ ಆಯ್ಕೆ ನಮ್ಮ ಕನ್ನಡ ಬಳಗದ ಹಿರಿಯ ಇಂಜಿನಿಯರ್ ಒಬ್ಬರು. ರಾಜ್ಯೋತ್ಸವದ ಭಾಷಣಗಳನ್ನೆಲ್ಲ ಮೊದಲ ಸಾಲಿನಲ್ಲಿ ಕೂತು, ಅಲುಗಾಡದೆ, ಮುಗಿಯುವವರೆಗೂ ಕೇಳುವ ಪುಣ್ಯಾತ್ಮರು. ಅವರು ತನಿಗೂ ಅಲುಗಲಿಲ್ಲ! ನಾನು ಮನಸ್ಸಿನಲ್ಲೇ ಮಾವನ ಪೆಟ್ಟಿಗೆ ಕಟ್ಟಿಬಿಟ್ಟೆ. ಸಿನಿಮಾ ಮುಗಿದ ಮೇಲೆ ಮಾವ ಮೇಷ್ಟ್ರ ದನಿಯಲ್ಲಿ ಮೌಖಿಕ ಪರೀಕ್ಷೆ ಶುರುಮಾಡಿದರು.

"ಜೋರು ಮಳೆ ಬಂತಲ್ಲ, ಆಗ ಸ್ಟೇಜ್ ಮೇಲೆ ಯಾರು ಹಾಡ್ತಿದ್ರು?"

"ಜಡೆಮುನಿ, ಸಾರ್."

"ಯಾರೂ ಹಾಡ್ತಿರ್ಲಿಲ್ಲ! ಅಷ್ಟೊಂದು ವೈರ್ ಇಟ್ಕೊಂಡು ಮಳೇಲಿ ಹಾಡಿದ್ರೆ ಶಾಕ್ ಹೊಡೆಯಲ್ವೇನ್ರೀ? ನೀವೆಂಥ ಇಂಜಿನಿಯರ್‍ರೀ?"

ಪುಣ್ಯಾತ್ಮರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದ್ದರು. ಭಾಷಣಗಳನ್ನು ಕೇಳುವ ಗುಟ್ಟೂ ಅದೇ ಇರಬೇಕು.

ಆಮೇಲೆ ನಾನೇ ಕೂತೆ. ತನಿಯ ಹೊತ್ತಿಗೆ ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಗೆದ್ದೆ. ಇನ್ನೇನು ಕೊನೆ ಬಂತು ಅನ್ನುವಾಗ ಪಂಗಾನಿಯ ಕರೆಂಟು ಹೋಯಿತು. ಬಂದಾಗ ಮಾವ ಮೊದಲಿನಿಂದ ಹಾಕಿದರು. "ಪಾರಾಯಣ ನಡುವೆ ನಿಂತರೆ ಫಲ ಇಲ್ಲ ಕಣೇ." ನಾನು ಕೈಮುಗಿದು ಎದ್ದೆ. ಕಿಸುಮುವಿನಿಂದ ಫೋನು ಬಂದರೆ ಎತ್ತಲು ಮುಖವಿರಲಿಲ್ಲ.

ಹೀಗಿರುವಾಗ ಒಂದು ಶನಿವಾರ ನನ್ನ ಮಗಳನ್ನು ಕರೆದುಕೊಂಡು ಹೋಗಬೇಕಾಯಿತು. ಹದಿನಾರು ವರ್ಷ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ. ಊಟವಾದ ಮೇಲೆ ಮೊಬೈಲು ಹಿಡಿದು ಸೋಫಾದ ಮೂಲೆಯಲ್ಲಿ ಮುದುಡಿ ಕೂತಳು. ಸಿನಿಮಾ ಶುರುವಾಯಿತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮೊಬೈಲು ಮಗುಚಿಕೊಂಡು ಬಿದ್ದಿದೆ.

"ತಾತಾ, ಹೀ ಈಸ್ ಸೋ ಗುಡ್!"

"ಜಡೆಮುನಿ ಅಲ್ವಾ? ಬೆರಳು ನೋಡು ಅವಂದು. ವೀಣೆ ಕಲ್ತಿದ್ರೆ ಎಲ್ಲಿರ್ತಿದ್ದ!"

ಪೈಲ್ವಾನ್ ಕೋಲೆತ್ತಿದ. ನಾನು, ಅಷ್ಟೆಲ್ಲ ಪಣ ತೊಟ್ಟವಳು, "ಕಾಫಿ ಮಾಡ್ಲಾ ಮಾವ?" ಎನ್ನುತ್ತಾ ಎದ್ದುನಿಂತಿದ್ದೆ! ರಕ್ತ ಎಲ್ಲಿ ಹೋಗುತ್ತದೆ ಹೇಳಿ? ಮಗಳು ಮಾತ್ರ ಕೂತೇ ಇದ್ದಳು. ತನಿ ಬಂದಾಗ ಎದ್ದು ಹೋಗಬೇಕೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಮುಂದಕ್ಕೆ ಬಾಗಿ, ಮಾವನ ತೊಡೆಯ ಮೇಲಿನ ತಾಳವನ್ನು ನೋಡಿಕೊಂಡು ತಾನೂ ಬೆರಳು ಮಡಿಸುತ್ತಿದ್ದಳು.

ಕಾಫಿ ಲೋಟಗಳನ್ನು ಹಿಡಿದು ನಾನು ಬಂದಾಗ ಕ್ಯಾಮೆರಾ ಮೇಲಿನಿಂದ ಆ ಬಯಲನ್ನು ತೋರಿಸುತ್ತಿತ್ತು. ಎಲ್ಲಿ ನೋಡಿದರೂ ಜನ, ಕೆಸರಿನಲ್ಲಿ ಕೂತವರು, ಮಲಗಿದವರು. ಮಗಳು ಹುಬ್ಬು ಗಂಟಿಕ್ಕಿ ಕೇಳಿದಳು.

"ಬಟ್ ತಾತಾ, ಹೂ ಫೆಡ್ ಆಲ್ ದೀಸ್ ಪೀಪಲ್?"

ಮಾವ ರಿಮೋಟು ಎತ್ತಿ ಸಿನಿಮಾ ನಿಲ್ಲಿಸಿದರು. ಯಾರು ಬಂದರೂ, ಫೋನು ಬಡಿದುಕೊಂಡರೂ ಅವರು ಅದನ್ನು ನಿಲ್ಲಿಸಿದ್ದನ್ನು ನಾನು ಕಂಡಿರಲಿಲ್ಲ. ಬೈಸಿಕೊಳ್ಳುತ್ತಾಳೆ ಅಂದುಕೊಂಡೆ.

"ನಿಮ್ಮಜ್ಜಿನೂ ಇದನ್ನೇ ಕೇಳಿದ್ಲು" ಎಂದರು ಮಾವ.

ಮದುವೆಯಾದ ಹೊಸತಂತೆ. ಅತ್ತೆ ಊರಿನಿಂದ ಬಂದು ತಿಂಗಳಾಗಿತ್ತು. ಏನು ಕೇಳಿದರೂ "ಹೂಂ", ಇಲ್ಲವೆ "ಬೇಡ". ಅಷ್ಟೇ ಮಾತು. ಈ ಹುಡುಗಿಗೆ ನಾನು ಹಿಡಿಸಿಲ್ಲ, ಈ ದೇಶವೂ ಹಿಡಿಸಿಲ್ಲ, ವಾಪಸ್ ಹೋಗಿಬಿಡುತ್ತಾಳೆ ಅಂತ ಮಾವನಿಗೆ ಭಯ. ಆಗೆಲ್ಲ ಇಲ್ಲಿ ಕಾರಿನಲ್ಲೇ ಕೂತು ಸಿನಿಮಾ ನೋಡುವ ಬಯಲು ಚಿತ್ರಮಂದಿರಗಳಿದ್ದವು. ಹಿಂದಿ ಸಿನಿಮಾ ಅಂತ ಕರೆದುಕೊಂಡು ಹೋದರೆ, ಮಾವ ದಿನ ತಪ್ಪು ತಿಳಿದಿದ್ದರು! ಪರದೆಯ ಮೇಲೆ ಈ ಜಡೆಮುನಿ! ಅತ್ತೆ ಪುಳಿಯೋಗರೆಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳವನ್ನೂ ತೆಗೆಯದೆ ಕಲ್ಲಿನ ಹಾಗೆ ಕೂತಿದ್ದರಂತೆ.

"ಈ ಜಾಗ ಬಂತು ನೋಡು, ತಿರುಗಿ ನನ್ನ ಮುಖ ನೋಡಿದ್ಲು. 'ರೀ, ಇಷ್ಟು ಜನಕ್ಕೆ ಊಟ ಯಾರು ಹಾಕ್ತಾರೆ?' ಅಂದ್ಲು. ಅವಳಾಗಿ ಅವಳು ಆಡಿದ ಮೊದಲ್ನೇ ಮಾತು ಕಣಮ್ಮ ಅದು. ಆಮೇಲೆ ಶುರುವಾಯ್ತು. ಎಷ್ಟು ಅಕ್ಕಿ ಬೇಕು, ಎಷ್ಟು ಕೊಪ್ಪರಿಗೆ ಸಾರು ಮಾಡ್ಬೇಕು, ಅವರಪ್ಪ ಅವಳ ಅಕ್ಕನ ಮದುವೇಲಿ ಹೆಂಗೆ ಬಡಿಸಿದ್ರು, ಅವರಮ್ಮ, ಅವಳ ಗೆಳತಿ... ಅಳ್ತಾಳೆ, ನಗ್ತಾಳೆ, ಮಾತಾಡ್ತಾನೇ ಇದಾಳೆ. ಸಿನಿಮಾ ಮುಗೀತು. ಎಲ್ಲ ಕಾರೂ ಹೋದ್ವು. ಮನೆಗೆ ಹೋದ್ರೆ ಎಲ್ಲಿ ಮತ್ತೆ ಬಾಯಿ ಮುಚ್ಕೋತಾಳೋ ಅಂತ, ಕಾರು ಸ್ಟಾರ್ಟ್ ಆಗ್ತಿಲ್ಲ ಅಂದ್ಬಿಟ್ಟೆ."

"ವಾಸ್ ಇಟ್ ಬ್ರೋಕನ್?"

"ಏನೂ ಆಗಿರ್ಲಿಲ್ಲ. ಹೊಸಾ ಕಾರು."

"ಡಿಡ್ ಶೀ ನೋ?"

"ಗೊತ್ತಾಗಿತ್ತು ಅಂತ ಕಾಣತ್ತೆ. ಡಬ್ಬಿ ತೆಗೆದು ಪುಳಿಯೋಗರೆ ಕೊಟ್ಲು."

ಇಷ್ಟು ವರ್ಷ ಈ ಮನುಷ್ಯನನ್ನು ಹಾಸ್ಯ ಮಾಡಿಕೊಂಡು ತಿರುಗಿದೆವಲ್ಲ! ಮಾವ ಸಿನಿಮಾ ಮುಂದುವರಿಸಿದರು. ಮೂವರೂ ಕೊನೆಯವರೆಗೆ ನೋಡಿದೆವು. ಖಾಲಿಯಾದ ಬಯಲನ್ನೂ, ಆಮೇಲೆ ಬರುವ ಹೆಸರುಗಳನ್ನೂ. ಪರೀಕ್ಷೆ ನಡೆಯಲಿಲ್ಲ.

"ಅವಳು ಹೋದ್ಮೇಲೆ ಇದನ್ನ ಯಾರಿಗೂ ಹೇಳಿರ್ಲಿಲ್ಲ" ಎಂದರು ಮಾವ. "ಈ ಮನೆ ಬಿಟ್ಟು ಹೋದ್ರೆ ಇದೂ ನನ್ಜೊತೆಗೇ ಮುಗಿದ್ಹೋಗತ್ತೆ ಅನ್ನಿಸ್ತಿತ್ತು. ಈಗ ಈ ಮಗೂಗೆ ಗೊತ್ತಾಯ್ತಲ್ಲ. ಕಿಸುಮೂಗೆ ಫೋನ್ ಮಾಡು. ಬರ್ತೀನಿ ಅಂತ ಹೇಳು."

ಇಷ್ಟು ದಿನ ನಾನು ಕಾದದ್ದು ಇದೇ ಮಾತಿಗೆ. ಆದರೆ ಫೋನು ಕೈಗೆತ್ತಿಕೊಳ್ಳದೆ ಕಾಫಿ ಲೋಟಗಳನ್ನು ಒಂದೊಂದಾಗಿ ಎತ್ತಿಡತೊಡಗಿದೆ. ಮಾವ ಇಲ್ಲದ ಪಂಗಾನಿಗೆ ನಾನು ಯಾಕೆ ಬರಬೇಕು ಇನ್ನು?

ಮಾವ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಕಾರಿನವರೆಗೆ ಬಂದರು. ನಾವು ಹತ್ತಿ ಕೂತೆವು, ನಾನು ಕಾರಿನ ಬೀಗದ ಕೈ ಹಾಕಿದೆ. ತಿರುಗಿಸುವ ಮೊದಲೇ ಮಗಳು ನನ್ನ ಕೈ ಹಿಡಿದುಕೊಂಡಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಡ್ಡಾದಿಡ್ಡಿ ಕನ್ನಡದಲ್ಲಿ, ಜೋರಾಗಿ ಹೇಳಿದಳು.

"ತಾತಾ, ನಮ್ಮ ಕಾರು ಸ್ಟಾರ್ಟ್ ಆಗ್ತಾನೇ ಇಲ್ಲ."

ಮಾವ ಅವಳನ್ನು ನೋಡಿದರು. ನನ್ನನ್ನೂ, ನಾನಿನ್ನೂ ತಿರುಗಿಸದ ಬೀಗದ ಕೈಯನ್ನೂ ನೋಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಹಾಗಾದ್ರೆ ಇಳೀರಿ" ಎಂದರು. "ಅನ್ನಕ್ಕಿಡ್ತೀನಿ."