ಎರಿನ್ ಮಿಲ್ಸಿನ ಸ್ವಾತಂತ್ರ್ಯ ಘೋಷಣೆ

ನಾನು ಎಲ್ಲಿ ಪಾಠ ಮಾಡೋಕೆ ನಿಂತರೂ ಪಾಠ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತೆ. ಮೈಸೂರಿನ ಕಾಲೇಜಲ್ಲಿ ಪೊಲಿಟಿಕಲ್ ಸೈನ್ಸ್ ಹೇಳ್ತಿದ್ದಾಗಲೂ ಹಾಗೇ ಇತ್ತು, ರಿಟೈರಾಗಿ ಮಗಳ ಹತ್ತಿರ ಮಿಸಿಸಾಗಾಕ್ಕೆ ಬಂದ ಮೇಲೂ ಹಾಗೇ ಇದೆ. ಎರಿನ್ ಮಿಲ್ಸಿನಲ್ಲಿ ಮನೆ ಹತ್ತಿರದ ಲೈಬ್ರರಿಯವರು ಭಾನುವಾರ ಮಧ್ಯಾಹ್ನ ಪುಕ್ಕಟೆ ಒಂದು ರೂಮು ಕೊಟ್ಟಿದ್ದಾರೆ. ಅದರಲ್ಲಿ ನಮ್ಮ ಕನ್ನಡದವರಿಗೆ ಅಮೆರಿಕದ ಆರಂಭಕಾಲದ ರಾಜಕೀಯ ಚಿಂತನೆ ಹೇಳಿಕೊಡ್ತೀನಿ. ಕೆನಡಾದಲ್ಲಿ ಕೂತು ಅಮೆರಿಕ ಯಾಕೆ ಅಂತ ಎಲ್ಲರೂ ಕೇಳ್ತಾರೆ. ನನಗೆ ಗೊತ್ತಿರೋದು ಅದೊಂದೇ ಸ್ವಾಮಿ.

ರೂಮಿಗೆ ಒಂದೇ ಷರತ್ತು. ಹತ್ತು ತಲೆ ಇರಬೇಕು. ಕಮ್ಮಿಯಾದರೆ ರೂಮು ಜಿಗ್ಸಾ ಪಜಲ್ ಜೋಡಿಸೋ ಗುಂಪಿಗೆ ಹೋಗುತ್ತೆ. ಅವರು ಆಗಲೇ ಬಾಗಿಲಲ್ಲಿ ಡಬ್ಬ ಹಿಡ್ಕೊಂಡು ಇಣುಕೋದು ನಾನೇ ನೋಡಿದ್ದೀನಿ. ನಾನು, ನನ್ನ ಹೆಂಡತಿ ಸೇರಿ ನಾವು ಸರಿಯಾಗಿ ಹತ್ತು ಜನ. ಈ ಕ್ಲಾಸು ನಿಂತರೆ ಭಾನುವಾರ ನಾನು ಮನೇಲಿ ಕೂತು ಬೆಳ್ಳುಳ್ಳಿ ಸುಲೀಬೇಕು. ಅದಕ್ಕಿಂತ ಹೆಚ್ಚಾಗಿ, ಪಾಠ ಮಾಡದೇ ಇದ್ದರೆ ನಾನು ಯಾರು ಅಂತ ನನಗೇ ಗೊತ್ತಾಗೋಲ್ಲ. ಆದ್ದರಿಂದ ಇವರೆಲ್ಲ ಏನು ಮಾಡಿದರೂ ಸಹಿಸಿಕೊಂಡೆ. ಏನೇನು ಮಾಡಿದರು ಅಂತ ಹೇಳ್ತೀನಿ, ಕೇಳಿ.

ರಾಜನ ಮೇಲಾಣೆ

ನಮ್ಮ ಕ್ಲಾಸಲ್ಲಿ ಅಮೆರಿಕ ಕಟ್ಟಿದ ಆ ಮಹನೀಯರನ್ನ ಯಾರೂ ಹೆಸರು ಹಿಡಿದು ಕರೀತಿರಲಿಲ್ಲ. ಎಷ್ಟು ಸಲ ಹೇಳಿಕೊಟ್ಟರೂ ಅಷ್ಟೇ. ಮಿಂಚು ಹಿಡಿಯೋಕೆ ಗಾಳಿಪಟ ಹಾರಿಸಿದವರು ‘ಪಟದಜ್ಜ’. ಹೆಂಗಸರ ಸೊಂಟ ಬಿಗಿಯೋ ಕಾರ್ಸೆಟ್ ಹೊಲೀತಿದ್ದು, ಆಮೇಲೆ ಒಂದು ಸಣ್ಣ ಪುಸ್ತಿಕೆ ಬರೆದು ದೇಶಾನೇ ಎಬ್ಬಿಸಿದವನು ‘ದರ್ಜಿ’. ಸ್ವಾತಂತ್ರ್ಯ ಘೋಷಣೆಯ ಕರಡು ಬರೆದವರು ಬರೀ ‘ಘೋಷಣೆ’. ಎಲ್ಲರೂ ಪಕ್ಕದ ಬೀದೀಲೇ ಇದ್ದಾರೇನೋ ಅನ್ನೋ ಸಲಿಗೆ.

ಆ ಘೋಷಣೆಯಲ್ಲಿ ಇಂಗ್ಲೆಂಡಿನ ರಾಜನ ಮೇಲೆ ಎಷ್ಟೊಂದು ದೂರುಗಳಿವೆ ಅಂತ ವಿವರಿಸ್ತಾ ಇದ್ದೆ. ಉಡುಪಿಯ ಇಂಜಿನಿಯರೊಬ್ಬರು ಬೆವರೋಕೆ ಶುರು ಮಾಡಿದರು. ಅವರಿಗೆ ಮುಂದಿನ ವಾರ ಕೆನಡಾದ ಸಿಟಿಜನ್‌ಶಿಪ್ ಪ್ರಮಾಣವಚನ. ಇಂಗ್ಲೆಂಡಿನ ರಾಜನೇ ಕೆನಡಾಕ್ಕೂ ರಾಜ.

“ಅಲ್ಲ ಮಾರಾಯ್ರೆ, ರಾಜನಿಗೆ ನಿಷ್ಠೆಯಿಂದ ಇರ್ತೇನೆ ಅಂತ ನಾನು ಕೈ ಎತ್ತಿ ಹೇಳ್ಲಿಕ್ಕುಂಟು. ನೀವು ನೋಡಿದ್ರೆ ಇಲ್ಲಿ ರಾಜ ಸರಿ ಇಲ್ಲ ಅಂತ ಕಲಿಸ್ತಾ ಇದ್ದೀರಿ. ನಾಳೆ ಎಂತಾದ್ರೂ ಆದ್ರೆ?”

“ಅಯ್ಯೋ, ಅದು ಎಷ್ಟೋ ತಲೆಮಾರಿನ ಹಿಂದಿನ ಮಾತು. ಆ ರಾಜ ಬೇರೆ, ಈ ರಾಜ ಬೇರೆ.”

“ಒಂದೇ ಮನೆತನ ಅಲ್ವಾ?”

“ಹೌದು, ಅದೇ ವಂಶ.”

“ಮತ್ತೆ! ಅಜ್ಜನಿಗೆ ಬೈದ್ರೆ ಮೊಮ್ಮಗನಿಗೆ ಬೇಜಾರಾಗುದಿಲ್ವಾ?”

ನನ್ನ ಸಮಾಧಾನ ಅವರಿಗೆ ನಾಟಲಿಲ್ಲ. ಪ್ರಮಾಣದ ದಿನ ಎಲ್ಲರೂ ಕಂಪ್ಯೂಟರಿನ ಮುಂದೆ ಕೂತು ಜೂಮಲ್ಲಿ ಸೇರಿದ್ದರಂತೆ. ಅಧಿಕಾರಿಣಿ ಯಾರಿಗಾದರೂ ಪ್ರಶ್ನೆ ಇದೆಯಾ ಅಂದಿದ್ದೇ ತಡ, ನಮ್ಮವರು ಅನ್‌ಮ್ಯೂಟ್ ಮಾಡಿ ಒಪ್ಪಿಸಿಬಿಟ್ಟರು: “ಮೇಡಂ, ನಾನು ಭಾನುವಾರ ಭಾನುವಾರ ರಾಜನ ವಿರುದ್ಧ ಓದ್ತಾ ಇದ್ದೇನೆ.”

ಪರದೆ ಮೇಲಿದ್ದ ಅಷ್ಟೂ ಮುಖಗಳು ಇವರ ಕಡೆ ತಿರುಗಿದವಂತೆ. ಆಯಮ್ಮ ಸ್ವಲ್ಪ ಯೋಚನೆ ಮಾಡಿ, “ಓದಿ ಏನಾದರೂ ಮಾಡೋ ಉದ್ದೇಶ ಇದೆಯಾ?” ಅಂದರು.

“ಇಲ್ಲ ಮೇಡಂ, ಓದಿ ಚಾ ಕುಡೀತೇವೆ.”

“ಹಾಗಾದರೆ ಬಲಗೈ ಎತ್ತಿ.”

ಮುಂದಿನ ಭಾನುವಾರ ಇಂಜಿನಿಯರು ಕೈಯಲ್ಲಿ ಸಣ್ಣ ಬಾವುಟ ಹಿಡಿದು, ಎಲ್ಲರಿಗೂ ಮೈಸೂರು ಪಾಕು ಹಂಚಿ, ಮುಂದಿನ ಸಾಲಲ್ಲಿ ಕೂತರು. “ಈಗ ಎಷ್ಟು ಬೇಕಾದ್ರೂ ಬೈಯಿರಿ ಮಾರಾಯ್ರೆ, ಅಡ್ಡಿಲ್ಲ. ಈಗ ನಮ್ಮದೇ ರಾಜ ಅಲ್ವಾ!”

ಯೂನಿಯನ್‌ವಿಲ್ಲಿನ ಸುಪ್ರೀಂ ಕೋರ್ಟು

ಯೂನಿಯನ್‌ವಿಲ್ಲಿಂದ ಬರೋ ಒಬ್ಬ ಹೆಣ್ಣುಮಗಳಿದ್ದಾಳೆ, ಬೆಂಗಳೂರಿನವಳು, ಸಾಫ್ಟ್‌ವೇರು. ಅಷ್ಟು ದೂರದಿಂದ ಡ್ರೈವ್ ಮಾಡ್ಕೊಂಡು ಬರ್ತಾಳೆ. ಓದಿನ ಮೇಲೆ ಎಷ್ಟು ಆಸೆ ಅಂತ ನಾನು ಎಲ್ಲರ ಮುಂದೆ ಹೊಗಳಿದ್ದೆ. ಮನೇಲಿ ಅತ್ತೆ ಇದ್ದಾರೆ ಅಂತ ಆಮೇಲೆ ಗೊತ್ತಾಯಿತು.

ಅಧಿಕಾರ ಒಂದೇ ಕೈಯಲ್ಲಿ ಇರಬಾರದು, ಕಾನೂನು ಮಾಡೋರು ಬೇರೆ, ಜಾರಿ ಮಾಡೋರು ಬೇರೆ, ತೀರ್ಪು ಕೊಡೋರು ಬೇರೆ, ಮೂವರೂ ಒಬ್ಬರನ್ನೊಬ್ಬರು ತಡೀತಾ ಇರಬೇಕು ಅಂತ ಒಂದು ಭಾನುವಾರ ಹೇಳಿದೆ. ಈಕೆ ಪಟಪಟ ಲ್ಯಾಪ್‌ಟಾಪಲ್ಲಿ ಟೈಪ್ ಮಾಡ್ಕೊಂಡಳು. ಮನೆಗೆ ಹೋಗಿ ಅದೇ ಸಂಜೆ ಜಾರಿಗೆ ತಂದಳಂತೆ. ತಾನು ಶಾಸಕಾಂಗ. ಗಂಡ ಕಾರ್ಯಾಂಗ. ಅತ್ತೆ ನ್ಯಾಯಾಂಗ.

ಮುಂದಿನ ವಾರ ಬಂದಾಗ ಮುಖ ಸೊಪ್ಪಾಗಿತ್ತು.

“ಸರ್, ಟೋಟಲ್ ಡೆಡ್‌ಲಾಕ್. ಮಂಡೇ ಉಪ್ಪಿಟ್ಟು ಅಂತ ನಾನು ಬಿಲ್ ಪಾಸ್ ಮಾಡ್ದೆ. ನಮ್ಮನೆಯವ್ರು ವೀಟೋ ಮಾಡಿದ್ರು. ನಾನು, ಮಗಳು ಸೇರಿ ಮೂರನೇ ಎರಡರಷ್ಟು ಮೆಜಾರಿಟಿ ತಂದು ವೀಟೋ ಓವರ್‌ರೈಡ್ ಮಾಡಿದ್ವಿ. ಅಷ್ಟರಲ್ಲಿ ಅತ್ತೆ, ಈ ಮನೇಲಿ ಸೋಮವಾರ ಈರುಳ್ಳಿ ಹಾಕೋ ಪದ್ಧತಿಯಿಲ್ಲ, ಉಪ್ಪಿಟ್ಟು ಸಂವಿಧಾನಬಾಹಿರ ಅಂದ್ಬಿಟ್ರು.”

“ಆಮೇಲೆ?”

“ಎಲ್ರೂ ಹಾಲಿಗೆ ಸೀರಿಯಲ್ ಹಾಕ್ಕೊಂಡು ತಿಂದ್ವಿ. ಡಿಶ್‌ವಾಷರ್ ನಾಲ್ಕು ದಿನದಿಂದ ಹಾಗೇ ಇದೆ ಸರ್. ಕಾನೂನು ಬಂದ ಹೊರತು ಮುಟ್ಟಲ್ಲ ಅಂತಾರೆ ಇವ್ರು.”

“ನಿಮ್ಮ ಅತ್ತೆಯವರಿಗೆ ಈ ಪದವಿ ಒಪ್ಪಿಗೆಯಾಯಿತಾ?”

“ತುಂಬಾನೇ! ಆಯುಷ್ಯ ಇರೋತನಕ ಯಾರೂ ತೆಗೆಯೋ ಹಾಗಿಲ್ಲ ಅಂತ ಬೇರೆ ನಾನೇ ಓದಿ ಹೇಳಿದೀನಿ.”

ಕೊನೆಗೆ ಮನೆಯ ಸಮಸ್ತ ಪ್ರಜೆಗಳ ಪರವಾಗಿ ಹೈಸ್ಕೂಲಿನ ಮಗಳು ಮನವಿ ಸಲ್ಲಿಸಿದಳಂತೆ. ಇಲ್ಲೇ ಹುಟ್ಟಿದ ಹುಡುಗಿ, ಇಂಗ್ಲಿಷಿನಲ್ಲೇ. ಅದರ ಸಾರಾಂಶ ಇಷ್ಟು: “ಅಮ್ಮಾ, ದಯವಿಟ್ಟು ರಾಜಪ್ರಭುತ್ವಕ್ಕೆ ವಾಪಸ್ ಹೋಗೋಣ. ಅಜ್ಜಿ ಒಬ್ಬರೇ ಆಳ್ತಿದ್ದಾಗ ಹೊತ್ತಿಗೆ ಸರಿಯಾಗಿ ಊಟ ಸಿಗ್ತಿತ್ತು.”

ಗುಪ್ತನಾಮ

ಧಾರವಾಡದ ಡಾಕ್ಟರು ನಮ್ಮ ಪೈಕಿ ಎಲ್ಲರಿಗಿಂತ ಮುಂಚೆ ಈ ದೇಶಕ್ಕೆ ಬಂದವರು. ಈಗ ರಿಟೈರಾಗಿದ್ದಾರೆ. ಹೊಸ ಸಂವಿಧಾನವನ್ನ ಜನ ಒಪ್ಪಬೇಕು ಅಂತ ಮೂವರು ದೊಡ್ಡ ಮನುಷ್ಯರು ಒಂದೇ ರೋಮನ್ ಹೆಸರಿಟ್ಟುಕೊಂಡು ಪೇಪರುಗಳಲ್ಲಿ ಸಾಲುಸಾಲಾಗಿ ಪ್ರಬಂಧ ಬರೆದ ಸಂಗತಿ ಹೇಳಿದಾಗ ಅವರ ಕಣ್ಣು ಮಿಂಚಿದವು.

“ಹೆಸರ ಮುಚ್ಚಿಟ್ಟ್ರ ಮಂದಿ ವಿಚಾರ ನೋಡ್ತಾರ, ಮಾರಿ ನೋಡಂಗಿಲ್ಲ. ಬೇಷ್ ಐಡಿಯಾ ಐತ್ರೀ ಮೇಷ್ಟ್ರ!”

ಅವರಿಗೊಂದು ಹಳೇ ಸಂಕಟವಿತ್ತು. ಯುಗಾದಿ ಊಟದಲ್ಲಿ ಜೋಳದ ರೊಟ್ಟಿ ಇರಬೇಕು ಅಂತ ಎಷ್ಟು ವರ್ಷದಿಂದ ಬಡ್ಕೊಂಡರೂ ನಾವು ಮೈಸೂರು, ಬೆಂಗಳೂರಿನವರು ಬಿಸಿಬೇಳೆಬಾತ್ ಬಿಟ್ಟು ಅಲ್ಲಾಡಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ನಮ್ಮ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಭಾರೀ ಪ್ರಬಂಧ ಬಂತು. ‘ಎರಿನ್ ಮಿಲ್ಸಿನ ಮಹಾಜನತೆಗೆ’ ಅಂತ ಶುರು. ಬಹುಸಂಖ್ಯಾತರ ದಬ್ಬಾಳಿಕೆಯಿಂದ ಅಲ್ಪಸಂಖ್ಯಾತ ರೊಟ್ಟಿಯನ್ನ ಹೇಗೆ ಕಾಪಾಡಬೇಕು ಅಂತ ಅದ್ಭುತವಾದ ವಾದ. ಕೆಳಗೆ ಸಹಿ: ‘ಧಾರವಾಡಿಯಸ್’.

ಪಾಪ, ಡಾಕ್ಟರು ತಮ್ಮ ಫೋನಿನಲ್ಲಿ ಹೆಸರು ಬದಲಾಯಿಸಿ, ಫೋಟೋ ತೆಗೆದು ಒಂದು ಕಲ್ಲಿನ ಕಂಬದ ಚಿತ್ರ ಹಾಕಿದ್ದರು. ಅಷ್ಟಾದರೆ ಗುಟ್ಟು ಉಳೀತು ಅಂತ ಅವರ ಲೆಕ್ಕ. ನಮ್ಮೆಲ್ಲರ ಫೋನಿನಲ್ಲಿ ಅವರ ನಂಬರು ‘ಡಾಕ್ಟರು’ ಅಂತಲೇ ಸೇವ್ ಆಗಿತ್ತು. ಪ್ರಬಂಧದ ನೆತ್ತಿ ಮೇಲೆ ಅದೇ ಹೆಸರು ರಾರಾಜಿಸ್ತಿತ್ತು.

ಮೊದಲ ಉತ್ತರ ಹತ್ತೇ ನಿಮಿಷದಲ್ಲಿ ಬಂತು: “ಧಾರವಾಡಿಯಸ್ ಅವರೇ, ಲೇಖನ ತುಂಬಾ ಚೆನ್ನಾಗಿದೆ. ನನ್ನ ಬಿಪಿ ಮಾತ್ರೆ ಮುಂದುವರಿಸಲಾ?”

ಅದಕ್ಕೆ ಡಾಕ್ಟರು ಸಿಟ್ಟಿನಿಂದ, “ನಾನ್ಯಾರು ಅಂತ ನಿಮಗ ಗೊತ್ತಿಲ್ಲ! ಮಾತ್ರಿ ಮುಂದುವರಸ್ರಿ, ಉಪ್ಪು ಕಮ್ಮಿ ಮಾಡ್ರಿ” ಅಂತ ಬರೆದರು.

ದಂಗೆ

ಇಷ್ಟೆಲ್ಲ ಆದರೂ ನನಗೆ ಹೆಮ್ಮೆ ಇತ್ತು. ಕಲಿತದ್ದನ್ನ ಜೀವನಕ್ಕೆ ಇಳಿಸ್ತಿದ್ದಾರಲ್ಲ ಅಂತ. ಆಮೇಲೆ ದರ್ಜಿಯ ಪಾಠ ಬಂತು. ಆ ಪುಣ್ಯಾತ್ಮ ಸಾಮಾನ್ಯ ಜನರಿಗೂ ತಿಳಿಯೋ ಹಾಗೆ ಎಷ್ಟು ಚಿಕ್ಕದಾಗಿ, ಎಷ್ಟು ಸರಳವಾಗಿ ಬರೆದ ಅನ್ನೋದನ್ನ ನಾನು ಒಂದೂವರೆ ಗಂಟೆ ವಿವರಿಸಿದೆ. ಮುಗಿಸಿ, “ಮುಂದಿನ ವಾರ ಎಲ್ಲರೂ ನಿಮ್ಮ ನಿಮ್ಮ ಜೀವನಕ್ಕೆ ಹೊಂದೋ ಹಾಗೆ ಒಂದೊಂದು ಸ್ವಾತಂತ್ರ್ಯ ಘೋಷಣೆ ಬರ್ಕೊಂಡು ಬನ್ನಿ” ಅಂದೆ.

ಎಲ್ಲರೂ ಸೇರಿ ಒಂದೇ ಬರೆದಿದ್ದರು. ನನ್ನ ಮೇಲೆ.

ಡಾಕ್ಟರು ಎದ್ದು ನಿಂತು ಓದಿದರು. ಪ್ರಶ್ನೆ ಕೇಳಿದರೆ ‘ಅದಕ್ಕೆ ಆಮೇಲೆ ಬರ್ತೀನಿ’ ಅಂತಾರೆ, ಬರೋದಿಲ್ಲ. ಚಹಾ ಆರಿ ತಣ್ಣಗಾಗೋವರೆಗೆ ಬಿಡೋದಿಲ್ಲ. ಮೊಮ್ಮಕ್ಕಳು ಕಂಡವರು ಬಾತ್‌ರೂಮಿಗೆ ಹೋಗೋಕೆ ಕೈ ಎತ್ತಿ ಪರ್ಮಿಷನ್ ಕೇಳಬೇಕು. ಹೇಳದೆ ಕೇಳದೆ ಟೆಸ್ಟ್ ಇಡ್ತಾರೆ. ಆದ್ದರಿಂದ ನಾವು ಇಂದಿನಿಂದ ಈ ಮೇಷ್ಟ್ರಿಂದ ಸ್ವತಂತ್ರರು, ಮುಂದೆ ನಮ್ಮ ಪಾಠ ನಾವೇ ಮಾಡಿಕೊಳ್ತೀವಿ.

ಕಾಗದ ಕಿತ್ಕೊಂಡು ನೋಡಿದೆ. ಒಂದು ದೂರೂ ತಳ್ಳಿಹಾಕೋ ಹಾಗಿರಲಿಲ್ಲ. ತತ್ವ ಮೊದಲು, ದೂರು ಆಮೇಲೆ, ತೀರ್ಮಾನ ಕೊನೆಗೆ, ಥೇಟ್ ನಾನು ಹೇಳಿಕೊಟ್ಟ ಕ್ರಮ. ಮೇಷ್ಟ್ರಾಗಿ ಪೂರ್ತಿ ಮಾರ್ಕ್ಸ್ ಕೊಡಬೇಕಾದ ಕೆಲಸ. ಕೆಳಗೆ ಸಹಿಗಳು. ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ದೊಡ್ಡದಾಗಿ, ನನ್ನ ಹೆಂಡತಿಯದು.

“ನೀನೂನಾ?” ಅಂದೆ.

“ಮದುವೆ ಆದಾಗಿನಿಂದ ಅರ್ಜಿ ಹಾಕ್ತಾನೇ ಇದೀನಿ. ಎಷ್ಟು ಅರ್ಜಿ ಹಾಕಿದರೂ ರಾಜ ಕಿವಿಗೆ ಹಾಕ್ಕೊಳ್ಳದೇ ಇದ್ದಾಗಲೇ ಘೋಷಣೆಗೆ ಇಳೀಬೇಕು ಅಂತ ನೀವೇ ಅಲ್ವೇನ್ರೀ ಹೇಳಿಕೊಟ್ಟಿದ್ದು?”

ಮುಂದಿನ ಭಾನುವಾರ ಆಕೆ ಸೀರೆ ಉಟ್ಟು, ಚಕ್ಕುಲಿ ಡಬ್ಬ ಹಿಡ್ಕೊಂಡು, ನನ್ನ ಕಡೆ ನೋಡದೆ ಹೊರಟಳು. ನಾನು ಮನೇಲಿ ಕೂತೆ. ನಿಜ ಹೇಳ್ತೀನಿ, ಹೊಟ್ಟೆ ಉರೀತು. ಅವರು ಪಟದಜ್ಜನನ್ನ ಏನು ಮಾಡಿಡ್ತಿದ್ದಾರೋ ಅಂತ ಅಳುವೇ ಬಂತು. ಬೆಳ್ಳುಳ್ಳಿ ಮುಂದಿಟ್ಕೊಂಡು ಎರಡು ಎಸಳು ಸುಲಿದಿದ್ದೆ, ಫೋನು ಬಂತು. ಡಾಕ್ಟರು.

“ಮೇಷ್ಟ್ರ, ಲಗೂನ ಬರ್ರಿ. ಲೈಬ್ರರಿಯವರು ಎಣಸಾಕ ಹತ್ಯಾರ. ನಾವು ಒಂಬತ್ತ ಮಂದಿ ಅದೀವಿ. ಪಜಲ್‌ನವರು ಬಾಗಲದಾಗ ನಿಂತಾರ.”

ಅಷ್ಟು ಜನ ಇಂಜಿನಿಯರುಗಳಿದ್ದೂ ಹತ್ತರಲ್ಲಿ ಒಂದು ಕಳೆದರೆ ಎಷ್ಟು ಅಂತ ದಂಗೆ ಏಳೋ ಮುಂಚೆ ಒಬ್ಬರಿಗೂ ಹೊಳೆದಿರಲಿಲ್ಲ.

“ನನ್ನ ತಲೆ ಬೇಡ ಅಂದಿದ್ರಲ್ಲ?” ಅಂದೆ ಬಿಗಿಯಾಗಿ.

“ತಲಿ ಬೇಕ್ರೀ. ಬಾಯಿ ಬ್ಯಾಡ.”

“ಏನ್ರೀ ಇದು ಅನ್ಯಾಯ! ಮಾತಾಡೋ ಹಕ್ಕು ಕೊಡದೆ ತೆರಿಗೆ ಮಾತ್ರ ವಸೂಲಿ ಮಾಡಿದರು ಅಂತಲೇ ಅಮೆರಿಕದವರು ಎದ್ದು ನಿಂತಿದ್ದು!”

“ಅದಕ್ಕ ಆಮ್ಯಾಲ ಬರ್ತೀನಿ. ನೀವು ಮೊದಲ ಬೂಟ್ ಹಾಕ್ಕೊಂಡ ಓಡಿ ಬರ್ರಿ.”

ಓಡಿದೆ. ಜಾಕೆಟ್ಟಿನ ಜಿಪ್ಪೂ ಎಳೀದೆ ಹಿಮದಲ್ಲಿ ಜಾರ್ತಾ ಓಡಿದೆ. ರೂಮಿಗೆ ನುಗ್ಗಿ ಕೊನೇ ಕುರ್ಚಿ ಹಿಡಿದು ಏದುಸಿರು ಬಿಡ್ತಾ ಕೂತೆ. ನನ್ನ ಜಾಗದಲ್ಲಿ ಉಡುಪಿಯ ಇಂಜಿನಿಯರು ನಿಂತು, ಪಟದಜ್ಜ ಅಮೆರಿಕದ ಎಷ್ಟನೇ ಅಧ್ಯಕ್ಷ ಅಂತ ಧೈರ್ಯವಾಗಿ ವಿವರಿಸ್ತಿದ್ದರು. ಆತ ಅಧ್ಯಕ್ಷನೇ ಆಗಿರಲಿಲ್ಲ! ಜೀವ ತಡೀಲಿಲ್ಲ, ಕೈ ಎತ್ತಿದೆ. ಹೆಂಡತಿ ಕೈ ಹಿಡಿದು ಕೆಳಗೆ ಎಳೆದಳು. ಮತ್ತೆ ಎತ್ತಿದೆ. ಮತ್ತೆ ಎಳೆದಳು.

ಅಷ್ಟರಲ್ಲಿ ಲೈಬ್ರರಿಯ ಹುಡುಗಿ ಎಣಿಸುತ್ತಾ ನನ್ನ ಹತ್ತಿರ ಬಂದಳು. ಹೊಸಬಳು, ನನ್ನನ್ನ ಹಿಂದೆ ನೋಡಿದವಳಲ್ಲ. ಹತ್ತು ಅಂತ ಗುರುತು ಹಾಕಿಕೊಂಡಳು. ಬಾಗಿಲಲ್ಲಿದ್ದ ಪಜಲ್‌ನವರು ಡಬ್ಬ ಮುಚ್ಚಿಕೊಂಡು ಹೊರಟರು. ರೂಮು ಉಳೀತು ಅಂತ ನನ್ನ ಉಸಿರು ಆಗ ಸರಿಹೋಯಿತು. ಆದರೆ ನನ್ನ ಕೈ, ಕಣ್ಣು, ಒದ್ದಾಟ ನೋಡಿ ಆ ಹುಡುಗಿಗೆ ಕರುಳು ಚುರುಕ್ ಅಂದಿರಬೇಕು. ಬಗ್ಗಿ, ಮೆತ್ತಗೆ ಇಂಗ್ಲಿಷಿನಲ್ಲಿ ಕೇಳಿದಳು:

“ಇವತ್ತೇ ಮೊದಲ ಸಲಾನಾ ಸರ್? ಗಾಬರಿ ಆಗಬೇಡಿ. ವಿಷಯ ಗೊತ್ತಿಲ್ಲ ಅಂತ ಸಂಕೋಚ ಬೇಡ, ಇವರೆಲ್ಲ ತಾಳ್ಮೆಯಿಂದ ಹೇಳಿಕೊಡ್ತಾರೆ.”

ನಾನು ಬಾಯಿ ತೆರೆಯೋ ಮುಂಚೆ ಡಾಕ್ಟರು ನನ್ನ ಬೆನ್ನು ತಟ್ಟಿ ಆಕೆಗೆ ಇಂಗ್ಲಿಷಿನಲ್ಲೇ ಭರವಸೆ ಕೊಟ್ಟರು:

“ನೀವೇನೂ ಚಿಂತೆ ಮಾಡಬೇಡಿ ಮೇಡಂ. ಹುಡುಗ ಚುರುಕಿದ್ದಾನೆ. ಮಾತೊಂದು ಕಮ್ಮಿ ಮಾಡಿದರೆ ಪಾಸಾಗ್ತಾನೆ.”