ಹತ್ತನೇ ನಂಬರಿನ ಸ್ಪ್ಯಾನರ್

ವಿಮಾನ ನಿಲ್ಲಿಸುವ ಹ್ಯಾಂಗರಿನ ಗೋಡೆಯ ಹಲಗೆಯ ಮೇಲೆ ಪ್ರತಿ ಸಲಕರಣೆಯ ಆಕಾರವನ್ನೂ ಕೆಂಪು ಬಣ್ಣದಲ್ಲಿ ಬರೆದಿದ್ದರು. ಬೆಳಿಗ್ಗೆ ನಿಧಾನಪ್ಪ ನೋಡಿದಾಗ ಒಂದು ಆಕಾರ ಖಾಲಿ. ಹತ್ತನೇ ನಂಬರಿನ ಸ್ಪ್ಯಾನರ್ ಇಲ್ಲ. ನಿಧಾನಪ್ಪ ಎಂಬುದು ಜೊತೆಯವರು ಇಟ್ಟ ಹೆಸರು; ಒಂದು ಬೋಲ್ಟನ್ನು ಮೂರು ಸಲ ಮುಟ್ಟಿ ನೋಡುವ ಮೆಕ್ಯಾನಿಕ್‌ಗೆ ಇನ್ನೇನು ಹೆಸರಿಟ್ಟಾರು? ಅಂಥವನು ನಿನ್ನೆ ಒಂದೇ ಒಂದು ದಿನ ಆತುರಪಟ್ಟು, ಹಲಗೆಯತ್ತ ನೋಡದೆ ಮನೆಗೆ ಓಡಿದ್ದ. ಹಣೆಬರಹ.

ನಿನ್ನೆ ಅವನು ರಿಪೇರಿ ಮಾಡಿದ್ದು ಉದ್ಯಮಿ ಸಾಹೇಬರ ಸ್ವಂತ ವಿಮಾನ. ಮಧ್ಯಾಹ್ನ ಅವರು ಹೊರಡಬೇಕಿತ್ತು. ವಿಮಾನ ಸುಸೂತ್ರವಾಗಿ ಏರಿದರೆ ಇವತ್ತೇ ನಿಧಾನಪ್ಪನ ಕೆಲಸ ಖಾಯಂ ಎಂದು ಮೆಕ್ಯಾನಿಕ್‌ಗಳ ಮೇಲಿನ ಚೀಫ್ ಮಾತು ಕೊಟ್ಟಿದ್ದರು. ಆದರೆ ಒಂದು ಸ್ಪ್ಯಾನರ್ ಕಾಣೆಯಾದರೂ ವಿಮಾನ ಏಳುವಂತಿಲ್ಲ. ಅದು ಒಳಗೆಲ್ಲೋ ಬಿದ್ದಿದ್ದು, ಆಕಾಶದಲ್ಲಿ ಉರುಳಿ ಚುಕ್ಕಾಣಿಯ ತಂತಿಗೆ ಸಿಕ್ಕಿಕೊಂಡರೆ ಎಲ್ಲರ ಕತೆಯೂ ಅಲ್ಲಿಗೇ ಮುಗಿಯಿತು.

"ಬಿಚ್ಚು," ಎಂದರು ಚೀಫ್. "ಎಲ್ಲಾ ಬಿಚ್ಚು."

ಸೀಟು ಬಿಚ್ಚಿದ, ನೆಲಹಾಸು ಎತ್ತಿದ. ಸಲಹೆಗಾರರಿಗೆ ಬರವಿರಲಿಲ್ಲ.

"ನಿನ್ನೆ ಎಲ್ಲೆಲ್ಲಿ ಕೂತಿದ್ಯೋ ಅಲ್ಲೆಲ್ಲಾ ಕೂತು ನೋಡಯ್ಯಾ, ನೆನಪಾಗತ್ತೆ," ಎಂದರು ವಿಮಾನ ಹಾರಿಸುವ ಕ್ಯಾಪ್ಟನ್.

"ಬೈದ್ರೆ ಸಿಗತ್ತಣ್ಣ," ಎಂದಳು ಕಸ ಗುಡಿಸುವಾಕೆ. "ನಮ್ಮನೆ ಬೀಗದ ಕೈ ಹಾಗೇ ಸಿಗೋದು."

ಅಷ್ಟರಲ್ಲಿ ಹೆಂಡತಿಯ ಫೋನು. "ರೀ, ಬಚ್ಚಲ ನಲ್ಲಿ ಹಿಡಿ ಮುರಿದು ಒಂದು ತಿಂಗಳಾಯ್ತು. ನಿಮ್ಮನ್ನ ನಂಬಿದ್ರೆ ಆಯ್ತು, ನಾನೇ ಇವತ್ತು..."

"ನನ್ನ ಪ್ರಾಣ ಹೋಗ್ತಿದೆ, ನಿನಗೆ ನಲ್ಲಿ ಚಿಂತೆ!" ಎಂದು ಫೋನಿಟ್ಟ.

ಊಟವಿಲ್ಲ, ನೀರಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು. ಕೊನೆಗೆ ಬಾಲದ ಹತ್ತಿರ, ತಂತಿಗಳ ಪಕ್ಕದಲ್ಲಿ, ಕೈಗೆ ತಣ್ಣಗೆ ಏನೋ ತಗುಲಿತು. ಸ್ಪ್ಯಾನರ್! ನಿಧಾನಪ್ಪ ಅದನ್ನು ಎದೆಗವಚಿಕೊಂಡು ಅತ್ತೇಬಿಟ್ಟ. ಅಳು ನಿಂತ ಮೇಲೆ ನೋಡಿದ. ತನ್ನದಕ್ಕೆ ನೀಲಿ ಟೇಪು ಸುತ್ತಿತ್ತು. ಇದಕ್ಕೆ ಹಳದಿ.

ಹಳದಿ ಟೇಪು ಚೀಫ್ ಅವರದು. ಅವರು ಈ ವಿಮಾನ ಮುಟ್ಟಿ ಎರಡು ವರ್ಷವಾಗಿತ್ತು. ಅಂದಿನಿಂದ ಅದು ಅಲ್ಲೇ ಬಿದ್ದು ಊರೂರು ಸುತ್ತಿತ್ತು. ಚೀಫ್ ಹಲಗೆಯ ಮೇಲೆ ಹೊಸದೊಂದನ್ನು ನೇತುಹಾಕಿ ಸುಮ್ಮನಾಗಿದ್ದರು ಎಂದಾಯಿತು.

ಚೀಫ್ ಅದನ್ನು ಕಸಿದುಕೊಂಡರು. ಟೇಪನ್ನು ಉಗುರಿನಿಂದ ಕೀಳುತ್ತಾ ಪಿಸುಗುಟ್ಟಿದರು: "ಸಿಕ್ತಲ್ಲಪ್ಪ, ಇದೇ ನಿಂದು. ನೆಲ ಮುಚ್ಚು, ಬಾಯಿನೂ ಮುಚ್ಚು. ನಿನ್ನ ಖಾಯಂ ಕಾಗದಕ್ಕೆ ಈಗಲೇ ಸಹಿ ಹಾಕ್ತೀನಿ."

ನಿಧಾನಪ್ಪನ ಬಾಯಲ್ಲಿ ನೀರೂರಿತು. ಆದರೆ ಹೊರಗೆ ಕ್ಯಾಪ್ಟನ್ ತಮ್ಮ ಮಗಳಿಗೆ ಫೋನಿನಲ್ಲಿ "ರಾತ್ರಿ ಬಂದು ಕತೆ ಹೇಳ್ತೀನಿ ಪುಟ್ಟಿ" ಎನ್ನುತ್ತಿದ್ದರು. ತನ್ನ ಸ್ಪ್ಯಾನರ್ ಇನ್ನೂ ಒಳಗೇ ಇದ್ದರೆ?

"ಸಾರ್, ಇದು ನಂದಲ್ಲ, ಎರಡು ವರ್ಷದ ಹಿಂದೆ ನೀವು ಬಿಟ್ಟದ್ದು," ಎಂದು ನಿಧಾನಪ್ಪ ಎಲ್ಲರಿಗೂ ಕೇಳುವಂತೆ ಕೂಗಿದ.

"ಎರಡು ವರ್ಷದಿಂದ ನಾನು ಇದನ್ನ ಹೊತ್ಕೊಂಡು ಹಾರಿಸ್ತಿದ್ದೀನಾ?" ಎಂದು ಕ್ಯಾಪ್ಟನ್ ಅಲ್ಲೇ ಕುಸಿದು ಕೂತರು. ಸಾಹೇಬರು ಬಂದರು, ಕೇಳಿದರು, ಚೀಫನ್ನು ನಿಂತ ಕಾಲಲ್ಲೇ ಮನೆಗೆ ಕಳಿಸಿದರು.

ಹೋಗುವಾಗ ಚೀಫ್ ಕಿಡಿಕಾರಿದರು. "ಇವನ ಸ್ಪ್ಯಾನರ್ ಎಲ್ಲಿ ಅಂತಾನೂ ಕೇಳಿ! ಮನೆಗೇ ಹೊತ್ಕೊಂಡು ಹೋಗಿರ್ತಾನೆ."

"ನನ್ನ ತಾಯಾಣೆ ಇಲ್ಲ ಸಾರ್!" ಎಂದ ನಿಧಾನಪ್ಪ.

ಸಾಹೇಬರು ಅವನ ಹೆಗಲು ತಟ್ಟಿದರು. "ನಿನ್ನ ಮೇಲೆ ನಂಬಿಕೆ ಇದೆ. ನಾಳೆ ಪೂರ್ತಿ ವಿಮಾನ ಬಿಚ್ಚಿಸು, ಎಷ್ಟು ದಿನ ಆದ್ರೂ ಆಗಲಿ. ನಿಂದು ಸಿಕ್ಕಿದ ದಿನ ನೀನೇ ಚೀಫ್. ಸಲಕರಣೆ ಮರೆಯೋರಿಗೆ, ಮನೆಗೆ ಸಾಗಿಸೋರಿಗೆ ನನ್ನ ಹತ್ರ ಜಾಗ ಇಲ್ಲ."

ನಿಧಾನಪ್ಪ ತೇಲುತ್ತಾ ಮನೆ ಸೇರಿದ. ಕಾಲು ತೊಳೆಯಲು ಬಚ್ಚಲಿಗೆ ಹೋದ. ನಲ್ಲಿ ತಿರುಗಿಸಲು ಕೈ ಹಾಕಿದರೆ, ಮುರಿದ ಹಿಡಿಯ ಜಾಗದಲ್ಲಿ ದಾರ ಬಿಗಿದು ಕಟ್ಟಿದ ಸ್ಪ್ಯಾನರ್ ಇತ್ತು. ನೀಲಿ ಟೇಪು.

"ಬೆಳಿಗ್ಗೆ ನೀವು ಹೋದ್ಮೇಲೆ ನಿಮ್ಮ ನಿನ್ನೆ ಪ್ಯಾಂಟು ಒಗೆಯೋವಾಗ ಜೇಬಲ್ಲಿ ಸಿಕ್ತು," ಅಡುಗೆಮನೆಯಿಂದ ಹೆಂಡತಿ ಹೆಮ್ಮೆಯಿಂದ ಹೇಳಿದಳು. "ಹೇಳೋಣ ಅಂತ ಫೋನ್ ಮಾಡಿದ್ರೆ ಬೈದು ಇಟ್ರಿ. ಎಷ್ಟು ಚೆನ್ನಾಗಿ ಕೂತಿದೆ ನೋಡಿ! ಪಕ್ಕದ ಮನೆಯೋರನ್ನೆಲ್ಲಾ ಕರೆದು ತೋರಿಸಿದೆ."