ಮೊಮ್ಮಗಳ ಲ್ಯಾಪ್‌ಟಾಪು, ನನ್ನ ಖರೀದಿ

ಸಂತೋಷ ಹೆಚ್ಚಾದಾಗ ಕೆಲವರು ಹಾಡುತ್ತಾರೆ, ಕೆಲವರು ಅಳುತ್ತಾರೆ, ಕೆಲವರು ಓಣಿಗೆಲ್ಲ ಪೇಢೆ ಹಂಚಿ ಸುಮ್ಮನಾಗುತ್ತಾರೆ. ನನಗೆ ಸಂತೋಷ ಹೆಚ್ಚಾದರೆ ಗೊತ್ತಿಲ್ಲದ ಕೆಲಸವನ್ನು ಮೈಮೇಲೆ ಎಳೆದುಕೊಳ್ಳುವ ಚಟ. ಮಗನ ಲಗ್ನ ನಿಶ್ಚಯವಾದ ಖುಷಿಯಲ್ಲಿ ಅಡುಗೆಯವರನ್ನು ಎಬ್ಬಿಸಿ ಬುಂದೆ ಕರಿಯಲು ನಾನೇ ಕೂತಿದ್ದೆ. ಆ ಬುಂದೆ ಏನು ಮಾಡಿದರೂ ಉಂಡೆ ಕಟ್ಟಲಿಲ್ಲ. ಬೀಗರು ಅದನ್ನು ಚಮಚದಲ್ಲಿ ತಿಂದು, 'ರುಚಿ ಐತಿ ಬಿಡ್ರಿ' ಎಂದು ದೊಡ್ಡ ಮನಸ್ಸು ಮಾಡಿದರು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ಎನ್ನುವುದಕ್ಕೆ ಈಚಿನ ಲ್ಯಾಪ್‌ಟಾಪ್ ಖರೀದಿಯೇ ಸಾಕ್ಷಿ.

ನಮ್ಮ ವಿದ್ಯಾಶ್ರೀ ನನ್ನ ಮಗನ ಮಗಳು. ಕಂಪ್ಯೂಟರ್ ಓದಿದವಳು. ಅವಳಿಗೆ ಸಾಫ್ಟ್‌ವೇರ್ ಕೆಲಸ ಸಿಕ್ಕಿತು. ಎಲ್ಲಿ ಅಂದರೆ ಬ್ಯಾಡಗಿಯಲ್ಲಿ, ಅದೂ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ. ಕಂಪನಿ ಎಲ್ಲಿದೆಯೋ ನಾನು ಕಾಣೆ, ಸಂಬಳ ಅಲ್ಲಿಂದ ಬರುತ್ತದಂತೆ, ಕೆಲಸ ಇಲ್ಲಿಂದ ಹೋಗುತ್ತದಂತೆ. ಇಂಥ ನೌಕರಿಯೂ ಲೋಕದಲ್ಲಿ ಇದೆಯೆಂದು ತಿಳಿದ ದಿನ ನಾನು ಓಣಿಯಲ್ಲಿ ಎದುರಾದವರನ್ನೆಲ್ಲ ನಿಲ್ಲಿಸಿ ಹೇಳಿದೆ. ಒಬ್ಬಾತ ಯಾರನ್ನೋ ಮಣ್ಣು ಮಾಡಲು ಹೊರಟಿದ್ದ, ಅವನನ್ನೂ ಬಿಡಲಿಲ್ಲ. ಆದರೆ ಕಂಪನಿಯದು ಒಂದು ಕರಾರಿತ್ತು. ಲ್ಯಾಪ್‌ಟಾಪ್ ಇವಳದೇ ಇರಬೇಕು, ಸೋಮವಾರ ಮುಂಜಾನೆ ಕೆಲಸಕ್ಕೆ ಕೂಡಬೇಕು. ಕಾಲೇಜಿನಲ್ಲಿದ್ದಾಗ ಕೊಂಡ ಹಳೆಯ ಲ್ಯಾಪ್‌ಟಾಪು ಮಾತಿನ ನಡುವೆಯೇ ಕಣ್ಣು ಮುಚ್ಚುತ್ತಿತ್ತು. ಸಂದರ್ಶನದ ದಿನವೂ ಮುಚ್ಚಿತ್ತಂತೆ. ಆ ಕಡೆಯ ಮೇಡಂ ಒಳ್ಳೆಯವರು, ಮತ್ತೆ ಕರೆದು ಮಾತಾಡಿಸಿದರು. 'ಕೆಲಸ ಶುರುವಾದ ಮೇಲೆ ಹೀಗಾದರೆ ಕಷ್ಟ, ಮೊದಲ ತಿಂಗಳು ನಿಮ್ಮನ್ನು ನೋಡುತ್ತೇವೆ, ಆಮೇಲೆ ಖಾಯಂ' ಎಂದು ಎಚ್ಚರಿಸಿಯೂ ಇದ್ದರು. ಈ ಮಾತು ಕೇಳಿದ್ದೇ ತಡ, ನಾನು ಎದೆ ತಟ್ಟಿಕೊಂಡು ಹೇಳಿಬಿಟ್ಟೆ, 'ಲ್ಯಾಪ್‌ಟಾಪ್ ಆರಿಸಿ ಕೊಡಿಸೋದು ನಂದು.'

ನನ್ನ ಹೆಂಡತಿ ಶಾಂತವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು, 'ಟಿ.ವಿ. ರಿಮೋಟ್ ಉಲ್ಟಾ ಹಿಡೀತೀರಿ. ನೀವು ಆರಿಸ್ತೀರಿ?'

'ನಲವತ್ತು ವರ್ಷ ಮಾಲು ಆರಿಸೇನಿ' ಎಂದೆ ನಾನು.

ಅದು ಸುಳ್ಳಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆಮೇಲೆ ಓದಿದ್ದೆಲ್ಲ ಮೆಣಸಿನಕಾಯಿ. ಹಳ್ಳಿ ಹಳ್ಳಿ ತಿರುಗಿ, ರೈತರ ಕಣದಲ್ಲೇ ಮಾಲು ನೋಡಿ ಖರೀದಿ ಮಾಡುತ್ತಿದ್ದೆ. ನನ್ನ ಜೋಡಿಗೆ ಯಾವಾಗಲೂ ಹುಸೇನ್‌ಸಾಬ. ಈಗ ಇಬ್ಬರಿಗೂ ಮೊಣಕಾಲು ನೋವು, ವ್ಯಾಪಾರ ಬಿಟ್ಟಿದ್ದೇವೆ, ಚಹಾ ಬಿಟ್ಟಿಲ್ಲ. ಚೀಲದ ಮೇಲಿನ ಕಾಯಿ ನೋಡಬಾರದು, ತಳಕ್ಕೆ ಕೈ ಹಾಕಿ ತೆಗೆಯಬೇಕು. ತೆಗೆದದ್ದನ್ನು ಕಿವಿಯ ಹತ್ತಿರ ಅಲುಗಿಸಬೇಕು. ಒಳಗೆ ಬೀಜ ಗಿಲಿಗಿಲಿ ಎಂದರೆ ಚೆನ್ನಾಗಿ ಒಣಗಿದೆ, ಸದ್ದಿಲ್ಲದಿದ್ದರೆ ಹಸಿ ಇದೆ. ಎಲ್ಲಕ್ಕಿಂತ ದೊಡ್ಡ ನೇಮ ಇನ್ನೊಂದು: ಮಾಲು ಎಷ್ಟು ಮನಸ್ಸಿಗೆ ಬಂತೋ ಅಷ್ಟು ಅದಕ್ಕೆ ಹೆಸರಿಡಬೇಕು. ಬಣ್ಣ ಮಂಕು, ತೂಕ ಇಲ್ಲ, ತೊಟ್ಟು ಉದ್ದ ಎಂದು ಮೂಗು ಮುರಿಯಬೇಕು. ಆಗ ಹುಸೇನ್‌ಸಾಬ ನನ್ನ ತೋಳು ಹಿಡಿದು, 'ನಡಿ ಬಸಣ್ಣ, ಮುಂದಿನ ಊರಾಗ ನೋಡೂಣು' ಎಂದು ಎಳೆಯಬೇಕು. ನಾವು ಹೆಜ್ಜೆ ಎಳೆಯುತ್ತ ಕಣ ದಾಟುವುದರೊಳಗೆ ರೈತ ಕರೆಯಬೇಕು. ಅವನಿಗೂ ಈ ಆಟ ಗೊತ್ತು, ನಮಗೂ ಗೊತ್ತು. ಕರೆಯದ ರೈತನನ್ನು ನಾನು ಕಂಡಿರಲಿಲ್ಲ.

ಖರೀದಿಗೆ ಮುಂಚೆ ನಾಲ್ಕು ಜನರನ್ನು ಕೇಳೋಣವೆಂದು ಹೊರಟಿದ್ದೇ ತಪ್ಪಾಯಿತು. ಮೊಬೈಲ್ ಅಂಗಡಿಯವನು ರ‍್ಯಾಮ್ ಜಾಸ್ತಿ ಇರಲಿ ಎಂದ. ಪಕ್ಕದ ಝೆರಾಕ್ಸ್ ಅಂಗಡಿಯವನು ರ‍್ಯಾಮ್ ಬಿಡ್ರಿ, ಪ್ರೊಸೆಸರ್ ಮುಖ್ಯ ಎಂದ. ಮೋಟೆಬೆನ್ನೂರಿನ ಬೀಗರು ಫೋನಿನಲ್ಲಿ, ಏನೇ ತಗೊಳ್ಳಿ, ಎತ್ತಿದರೆ ಭಾರ ಹತ್ತಬೇಕು, ಹಗುರದ್ದು ಬಾಳಿಕೆ ಬರುವುದಿಲ್ಲ ಎಂದರು. ನಾನು ಎಲ್ಲರಿಗೂ ಹೌದು ಹೌದು ಎಂದು ತಲೆ ಆಡಿಸಿ ಮನೆಗೆ ಬರುವಷ್ಟರಲ್ಲಿ ತಲೆಯಲ್ಲಿ ಏನೂ ಉಳಿದಿರಲಿಲ್ಲ.

ಕೊನೆಗೆ ಮೊಮ್ಮಗಳೇ ನನ್ನನ್ನು ಕೂರಿಸಿಕೊಂಡಳು. 'ನೋಡಜ್ಜಾ, ಸ್ಟೋರೇಜ್ ಅಂದ್ರ ನಮ್ಮೂರಿನ ಕೋಲ್ಡ್ ಸ್ಟೋರೇಜ್ ಇದ್ದಂಗ. ಮಾಲು ಅಲ್ಲಿ ಇರತೈತಿ. ರ‍್ಯಾಮ್ ಅಂದ್ರ ಅಂಗಡಿ ಮುಂದಿನ ಕಟ್ಟಿ. ಈಗಿಂದೀಗ ಬೇಕಾದ ಚೀಲ ಅಲ್ಲಿ ಇಳಿಸ್ತಾರ.'

'ಪ್ರೊಸೆಸರ್?'

'ಹಮಾಲರು.'

'ಎಷ್ಟು ಮಂದಿ?'

'ಎಂಟು ಮಂದಿ ಇದ್ರ ಚಲೋ.'

'ಅವರೆಲ್ಲ ಒಮ್ಮೆಲೆ ದುಡಿದ್ರ ಬೆವರೂದಿಲ್ಲೇನು?'

'ಬೆವರ್ತಾರ. ಅದಕ್ಕ ಒಳಗ ಒಂದು ಫ್ಯಾನ್ ಇರತೈತಿ.'

ಇಷ್ಟೂ ನನಗೆ ತಿಳಿಯಿತು. ತಿಳಿಯದ್ದು ಒಂದೇ, ಈ ಹಮಾಲರು ಹೊರುವ ಮಾಲು ಯಾವುದು ಎಂಬುದು. ಕೇಳಿದೆ. 'ನಾ ಕೋಡ್ ಬರೀತೇನಿ ಅಜ್ಜಾ' ಎಂದಳು. ಯಾರು ಓದುತ್ತಾರೆ ಎಂದೆ. ಕಂಪ್ಯೂಟರ್ ಓದುತ್ತದೆ ಎಂದಳು. ಓದಿ ಏನು ಮಾಡುತ್ತದೆ ಎಂದೆ. 'ತಪ್ಪು ಎಲ್ಲೈತಿ ಅಂತ ಹೇಳತೈತಿ.' ಅಂಥದ್ದೊಂದು ನಮ್ಮ ಅಡುಗೆಮನೆಯಲ್ಲಿ ಮೊದಲೇ ಇದೆಯಲ್ಲ ಎಂದು ನಾನು ಮೆಲ್ಲಗೆ ಅಂದೆ. ಲಟ್ಟಣಿಗೆ ಸದ್ದು ನಿಂತಿತು.

ಶನಿವಾರ ನಾನು, ಮೊಮ್ಮಗಳು, ಹುಸೇನ್‌ಸಾಬ ಮೂವರೂ ಬಸ್ಸು ಹಿಡಿದು ಹಾವೇರಿಗೆ ಹೋದೆವು. ಗಾಜಿನ ಬಾಗಿಲಿನ ದೊಡ್ಡ ಅಂಗಡಿ. ಒಳಗೆ ಮಾಘ ಮಾಸದ ಥಂಡಿ. ಗಲ್ಲೆಯಲ್ಲಿ ಒಬ್ಬ ಹುಡುಗಿ, ಬಹಳ ನಯದ ಮಾತು, 'ಬರ್ರಿ ಅಜ್ಜಾರ, ಕುಂದ್ರಿ' ಎಂದು ನೀರು ಕೊಟ್ಟಳು. ಮೇಜಿನ ಮೇಲೆ ಸಾಲಾಗಿ ಬಾಯಿ ತೆರೆದುಕೊಂಡು ಕೂತ ಲ್ಯಾಪ್‌ಟಾಪುಗಳು. ವಿದ್ಯಾಶ್ರೀ ಒಂದೊಂದನ್ನೇ ಮುಟ್ಟುತ್ತ ಹೋದಳು. ನಾಲ್ಕನೆಯದರ ಮುಂದೆ ನಿಂತು ಕೀಲಿಗಳ ಮೇಲೆ ಬೆರಳಾಡಿಸಿದಳು, ಏನೋ ತೆರೆದಳು, ಮುಚ್ಚಿದಳು, ಮತ್ತೆ ಬೆರಳಾಡಿಸಿದಳು. ಅವಳ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು: ಇದೇ. ನನಗೆ ಲ್ಯಾಪ್‌ಟಾಪ್ ತಿಳಿಯದಿರಬಹುದು, ಆ ಮುಖ ತಿಳಿಯುತ್ತದೆ. ನನಗೆ ಎಷ್ಟು ಆನಂದವಾಯಿತೆಂದರೆ, ನಲವತ್ತು ವರ್ಷದ ಅಭ್ಯಾಸ ತಾನಾಗಿಯೇ ಬಾಯಿಗೆ ಬಂತು.

'ಇದೇನವಾ ಇದು, ಹಪ್ಪಳದಂಗ ಐತಿ' ಎಂದೆ ಗಲ್ಲೆಯ ಹುಡುಗಿಗೆ. ಎತ್ತಿ ನೋಡಿದೆ. 'ತೂಕಾನ ಇಲ್ಲ. ಪರದೆ ನೋಡು, ಹೊಳಪಿಲ್ಲ, ಮಂಕ ಐತಿ.' ಆಮೇಲೆ ಅದನ್ನು ಮಡಚಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದೆ. ಹುಡುಗಿ ಎರಡೂ ಕೈ ಚಾಚಿ, 'ಅಜ್ಜಾರ, ಅಜ್ಜಾರ' ಎಂದು ಓಡಿ ಬಂದಳು. 'ಸಪ್ಪಳಾನ ಇಲ್ಲ ಇದಕ್ಕ' ಎಂದೆ. 'ಎಷ್ಟೊತ್ತಿನಿಂದ ಚಾಲೂ ಐತಿ, ಮೈ ಸೈತ ಬೆಚ್ಚಗಾಗಿಲ್ಲ. ಒಳಗ ಏನರ ದುಡಿಯಾಕತ್ತೈತೋ ಇಲ್ಲೋ.'

ಹುಸೇನ್‌ಸಾಬನಿಗೆ ಹೇಳಿಕೊಡಬೇಕಾಗಿರಲಿಲ್ಲ. ತೋಳು ಹಿಡಿದ. 'ನಡಿ ಬಸಣ್ಣ, ಬ್ಯಾರೆ ಕಡೆ ನೋಡೂಣು.'

'ಅಜ್ಜಾ, ಇದ ಚಲೋ...' ಎಂದು ವಿದ್ಯಾಶ್ರೀ ಬಾಯಿ ತೆರೆದಳು. ನಾನು ಕಣ್ಣಿನಲ್ಲೇ ಸುಮ್ಮನಿರು ಎಂದು ಸನ್ನೆ ಮಾಡಿ ಅವಳನ್ನೂ ಹೊರಗೆ ಕರೆತಂದೆ. ಹುಡುಗಿ ಬಾಗಿಲ ತನಕ ಬಂದು, 'ಆಗ್ಲಿ ಅಜ್ಜಾರ, ಹುಷಾರಾಗಿ ಮೆಟ್ಟಲ ಇಳೀರಿ' ಎಂದಳು. ನಾವು ನಿಧಾನವಾಗಿ ಇಳಿದೆವು. ನಾನು ಬಗ್ಗಿ ಚಪ್ಪಲಿಯ ಅಂಗುಷ್ಠ ಸರಿಮಾಡಿಕೊಂಡೆ. ಹುಸೇನ್‌ಸಾಬ ಟೋಪಿ ತೆಗೆದು ಝಾಡಿಸಿದ. ಯಾರೂ ಕರೆಯಲಿಲ್ಲ. ಎದುರಿನ ಹೋಟೆಲಿನಲ್ಲಿ, ಅಂಗಡಿಯ ಬಾಗಿಲು ಕಾಣುವ ಹಾಗೆ ಕೂತು ಚಹಾ ಕುಡಿದೆವು. ಚಹಾ ಮುಗಿಯಿತು. ಇನ್ನೊಂದು ತರಿಸಿದೆವು. ಬಾಗಿಲು ತೆರೆದು ಕನ್ನಡಕದ ತರುಣನೊಬ್ಬ ಒಂದು ಡಬ್ಬಿ ಹಿಡಿದುಕೊಂಡು ಹೊರಬಂದ, ಗಾಡಿ ಹತ್ತಿ ಹೋದ. ನಮ್ಮನ್ನು ಕರೆಯಲು ಮಾತ್ರ ಯಾರೂ ಬರಲಿಲ್ಲ.

ಸೋತು ನಾವೇ ಒಳಗೆ ಹೋದೆವು. ನಾಲ್ಕನೆಯ ಜಾಗ ಖಾಲಿ.

'ಈಗಷ್ಟ ಹೋತ್ರಿ ಅಜ್ಜಾರ' ಎಂದಳು ಹುಡುಗಿ, ಬಹಳ ಸಂತೋಷದಿಂದ. 'ನೀವು ಮಾತಾಡೂ ಮುಂದ ಒಬ್ರು ಬಾಜೂಕ ನಿಂತಿದ್ರಲ್ರಿ. ತೂಕ ಇಲ್ಲ, ಪರದೆ ಮಿಂಚೂದಿಲ್ಲ, ಸಪ್ಪಳ ಇಲ್ಲ, ಬಿಸಿ ಆಗೂದಿಲ್ಲ ಅಂದ್ರಿ ನೀವು. ಇಂಥದ್ದ ಹುಡುಕಾಕತ್ತಿದ್ನಿ ಅಂತ ಲಗೂನ ತಗೊಂಡು ಹೋದ್ರು. ನಾ ಎರಡು ವಾರದಿಂದ ಹೇಳಿದ್ರೂ ಯಾರೂ ಕೇಳಿದ್ದಿಲ್ಲ ನೋಡ್ರಿ.'

ನಾನು ವಿದ್ಯಾಶ್ರೀಯ ಕಡೆ ತಿರುಗಿದೆ. ನಾನಿಟ್ಟ ಒಂದೊಂದು ಹೆಸರೂ ಲ್ಯಾಪ್‌ಟಾಪಿನ ಲೋಕದಲ್ಲಿ ಗುಣವೇ ಅಂತೆ. ಅಲ್ಲಿ ಎಲ್ಲ ತಿರುವುಮುರುವು. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಖಾಲಿ ಜಾಗವನ್ನೇ ನೋಡುತ್ತ, 'ನಾಡಿದ್ದ ಸೋಮವಾರ ಅಜ್ಜಾ' ಎಂದಳು ಅಷ್ಟೇ. ಹಳೆಯ ಲ್ಯಾಪ್‌ಟಾಪಿನ ಮುಂದೆ ಸೋಮವಾರ ಈ ಹುಡುಗಿ ಕೂತಿರುವುದು, ಮಾತಿನ ನಡುವೆ ಅದು ಕಣ್ಣು ಮುಚ್ಚುವುದು, ಆ ಕಡೆಯ ಮೇಡಂ ಈ ಸಲ ಮತ್ತೆ ಕರೆಯದಿರುವುದು, ಎಲ್ಲ ಕಣ್ಣ ಮುಂದೆ ಬಂತು. ನಾನು ಓಣಿಯವರಿಗೆಲ್ಲ ಹೇಳಿ ಬಂದಿದ್ದೆ ಬೇರೆ.

ಗಲ್ಲೆಯ ಹುಡುಗಿ ಪುಣ್ಯವಂತೆ. ನಾಲ್ಕು ಕಡೆ ಫೋನು ಹಚ್ಚಿ, ಅದೇ ನಮೂನೆಯದು ರಾಣೆಬೆನ್ನೂರಿನ ಒಂದು ಅಂಗಡಿಯಲ್ಲಿ ಒಂದೇ ಒಂದು ಇದೆ, ಸಂಜೆವರೆಗೆ ಇಟ್ಟುಕೊಳ್ಳುತ್ತಾರೆ ಎಂದು ಪತ್ತೆ ಮಾಡಿಕೊಟ್ಟಳು. ನಾವು ಮತ್ತೆ ಬಸ್ಸು ಹತ್ತಿದೆವು. ಮೋಟೆಬೆನ್ನೂರು ದಾಟುವಾಗ ಬೀಗರು ರಸ್ತೆಯಲ್ಲಿ ಎಲ್ಲಿ ಕಾಣುತ್ತಾರೋ ಎಂದು ನಾನು ತಲೆ ಬಗ್ಗಿಸಿ ಕೂತೆ. ವಿದ್ಯಾಶ್ರೀ ಆಗ ಬಾಯಿ ಬಿಟ್ಟಳು.

'ಅಜ್ಜಾ, ಅಲ್ಲಿ ನೀ ಒಂದು ಮಾತೂ ಆಡಬಾರದು.'

'ಆಡೂದಿಲ್ಲ.'

'ಅಲುಗಸೂದೂ ಇಲ್ಲ.'

'ಮುಟ್ಟೂದ ಇಲ್ಲ, ತಗೋ.'

'ಹುಸೇನಜ್ಜಾ, ನೀನೂ ಅಷ್ಟ. ತೋಳು ಹಿಡಿದು ಜಗ್ಗಬ್ಯಾಡ.'

'ನಾ ಹೊರಗ ನಿಂದರ್ತೇನಿ ಬೇಟಿ' ಎಂದ ಹುಸೇನ್‌ಸಾಬ, ಬೈಸಿಕೊಂಡ ಶಾಲೆ ಹುಡುಗನಂತೆ.

ರಾಣೆಬೆನ್ನೂರಿನ ಅಂಗಡಿಯವರು ನಡುವಯಸ್ಸಿನ ಗಟ್ಟಿ ಆಸಾಮಿ. ಡಬ್ಬಿ ತೆರೆದು ಲ್ಯಾಪ್‌ಟಾಪು ಚಾಲೂ ಮಾಡಿ ಕೊಟ್ಟರು. ವಿದ್ಯಾಶ್ರೀ ಕೂತು ತನ್ನ ಕೆಲಸದ್ದೇ ಏನೋ ಒಂದನ್ನು ಇಳಿಸಿಕೊಂಡು ನಡೆಸಿ ನೋಡಿದಳು. ನಾನು ಸ್ಟೂಲಿನ ಮೇಲೆ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಎಂಟು ಹಮಾಲರೂ ದುಡಿಯುತ್ತಿದ್ದರೇನೋ, ಪರದೆಯ ಮೇಲೆ ಅಕ್ಷರಗಳು ಇರುವೆ ಸಾಲಿನಂತೆ ಹರಿದು ಹೋಗುತ್ತಿದ್ದವು. ಎಲ್ಲಿಯೂ ನಿಲ್ಲಲಿಲ್ಲ, ಕಣ್ಣು ಮುಚ್ಚಲಿಲ್ಲ. ಬೆಳಗಿನ ಮುಖ ಅವಳಿಗೆ ಮತ್ತೆ ಬಂತು.

ಅಂಗಡಿಯವರು ನನ್ನ ಕಡೆ ತಿರುಗಿದರು. 'ಯಜಮಾನ್ರು ಏನಂತೀರಿ? ಹೆಂಗೈತ್ರಿ ಮಾಲು?'

ಮಾತಾಡುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಆದರೆ ಮಾಲು ಹೇಗಿದೆ ಎಂದು ಕೇಳಿದ ಮೇಲೆ ನನ್ನಂಥವನು ಸುಮ್ಮನಿರುವುದು ಹೇಗೆ? ಬಾಯಿ ತೆರೆದೆ. ತೆರೆದರೆ, ಹೆಸರಿಡುವ ಒಂದು ಮಾತೂ ಹೊರಗೆ ಬರಲಿಲ್ಲ. 'ಭಾಳ ಚಲೋ ಐತ್ರಿ' ಎಂದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. 'ಇಂಥಾ ಚಲೋ ಮಾಲು ಎಲ್ಲೂ ಇಲ್ರಿ. ಹಾವೇರಿಯೊಳಗ ತಪ್ಪಿಸಿಕೊಂಡು ಬಂದೇವಿ. ಇದ ಬೇಕು ನಮಗ. ಸೋಮವಾರ ಈಕಿ ಕೆಲಸಕ್ಕ ಕುಂದರಬೇಕು, ಇದು ಸಿಗದಿದ್ರ ನಮ್ಮ ಗತಿ ಖರೇನ ಕೆಟ್ಟಂಗ.' ಮನಸ್ಸಿನಲ್ಲಿದ್ದದ್ದೆಲ್ಲ, ಯಾವ ವ್ಯಾಪಾರಿಯೂ ಆಡಬಾರದ ಮಾತೆಲ್ಲ, ಸಾಲಾಗಿ ಹೊರಬಂತು. ಬಾಗಿಲಾಚೆ ಹುಸೇನ್‌ಸಾಬ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಿದ್ದು ಗಾಜಿನಲ್ಲಿ ಕಂಡಿತು. ಅಂಗಡಿಯವರು ಎಲ್ಲವನ್ನೂ ಪ್ರೀತಿಯಿಂದ ಕೇಳಿಸಿಕೊಂಡರು. ರೇಟಿನಲ್ಲಿ ಒಂದು ಕವಡೆ ಬಿಡಲಿಲ್ಲ. ಒಂದು ಚೀಲ ಮಾತ್ರ ಪುಕ್ಕಟೆ ಕೊಟ್ಟರು. ವಿದ್ಯಾಶ್ರೀ ಆ ಚೀಲವನ್ನು ಎದೆಗೆ ಅವಚಿಕೊಂಡು, 'ಏನ್ ಅಜ್ಜಾ ನೀನು' ಎಂದು ನಕ್ಕಳು. ಆ ನಗೆಗೆ ರೇಟು ಕಡಿಮೆಯೇ ಆಯಿತು ಎಂದು ನನಗನ್ನಿಸಿತು. ಹುಸೇನ್‌ಸಾಬನಿಗೆ ಹಾಗೆ ಅನ್ನಿಸಲಿಲ್ಲ. ಬ್ಯಾಡಗಿ ಮುಟ್ಟುವ ತನಕ ಅವನು ನನ್ನೊಡನೆ ಮಾತು ಬಿಟ್ಟಿದ್ದ.

ಸೋಮವಾರ ಮುಂಜಾನೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಮಾಳಿಗೆಯ ಬಾಗಿಲಲ್ಲಿ ನಿಂತೆ. ಲ್ಯಾಪ್‌ಟಾಪಿನಲ್ಲಿ ಏಳೆಂಟು ಮುಖಗಳು ಚೌಕ ಚೌಕವಾಗಿ ಕಾಣುತ್ತಿದ್ದವು. ಮಾತು ನಡೆಯಿತು, ಅದು ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ಅಷ್ಟರಲ್ಲಿ ಮೇಡಂ ನನ್ನನ್ನು ಕಂಡು, 'ನಿಮ್ಮ ತಾತನಾ? ಕರೀರಿ' ಎಂದರು. ನಾನು ಮುಂದೆ ಬಂದು ಕೂತೆ. ಈ ಸಲ ಯಾವ ನೇಮವೂ ಅಡ್ಡ ಬರಲಿಲ್ಲ. ಮೊಮ್ಮಗಳು ಎಂಥವಳು, ಸಣ್ಣವಳಿದ್ದಾಗ ಏನೇನು ಮಾಡಿದಳು, ಅವಳಂಥ ಜಾಣೆ ಈ ಮೂರು ಊರುಗಳಲ್ಲಿ ಯಾಕೆ ಸಿಗುವುದಿಲ್ಲ, ಎಲ್ಲವನ್ನೂ ಕೈ ಬೀಸಿ, ಮೇಜು ಕುಟ್ಟಿ, ಕಣ್ಣು ಒರೆಸಿಕೊಂಡು ಹೇಳಿದೆ. ಹೇಳಿ ಮುಗಿಸಿ ಕೆಳಗೆ ಬಂದು ಶಾಂತವ್ವನ ಮುಂದೆ, 'ಕೆಲಸ ಖಾಯಂ ಆದಂಗ' ಎಂದು ಕೂತೆ.

ಮಧ್ಯಾಹ್ನ ಊಟಕ್ಕೆ ಇಳಿದು ಬಂದ ಮೊಮ್ಮಗಳು ರೊಟ್ಟಿ ಮುರಿಯುತ್ತ ಹೇಳಿದಳು, 'ಅಜ್ಜಾ, ನೀ ಕುಂತ ಕೂಡ್ಲೆ ನಾ ಧ್ವನಿ ಬಂದ್ ಮಾಡಿದ್ದೆ. ನಿನ್ನ ಮಾತು ಯಾರಿಗೂ ಕೇಳಿಲ್ಲ.'

'ಮತ್ತ ಅವರು ಏನಂದ್ರು?'

'ಮೇಡಂ ಕೇಳಿದ್ರು, ನಿಮ್ಮ ತಾತಗ ಈ ನೌಕರಿ ಅಷ್ಟು ಸಿಟ್ಟು ತರಿಸೇತೇನು ಅಂತ.'